ರಕ್ತನಾಳವನ್ನು ಶಾಸ್ತ್ರೋಕ್ತವಾಗಿ ಕೆಡಿಸುವ ವಿಧಾನ

ಮೊದಲು ಒಂದು ಎಳನೀರು ಕುಡಿಯಿರಿ. ಕುಡಿದಾದ ಮೇಲೆ ಸ್ಟ್ರಾ ಎಸೆಯಬೇಡಿ, ಮೇಜಿನ ಮೇಲೆ ಎದುರಿಗಿಟ್ಟುಕೊಳ್ಳಿ. ನೀವು ಕಟ್ಟಬೇಕಾದ ರಕ್ತನಾಳ ಅದಕ್ಕಿಂತಲೂ ಸಪೂರ. ಹೃದಯಕ್ಕೆ ರಕ್ತ ಉಣಿಸುವ ಕರೋನರಿ ನಾಳದ ಅಡ್ಡಳತೆ ಮೂರು-ನಾಲ್ಕು ಮಿಲಿಮೀಟರ್. ನಿಮ್ಮ ಕೊಳವೆ ಅದರ ಜಾಗದಲ್ಲಿ ಕೂತು ಮೊದಲ ದಿನದಿಂದಲೇ ರಕ್ತ ಸಾಗಿಸಬೇಕು, ಮೈಯ ಜೀವಕೋಶಗಳನ್ನು ಒಳಗೆ ಕರೆದು ಕೂರಿಸಬೇಕು, ಅವು ಹೊಸ ನಾಳ ಕಟ್ಟಿಕೊಳ್ಳುವಷ್ಟರಲ್ಲಿ ತಾನು ಸದ್ದಿಲ್ಲದೆ ಕರಗಿ ಹೋಗಬೇಕು. ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಸೆಂಟ್ರಿಂಗ್ ಕೆಲಸ. ಮೋಲ್ಡ್ ಹಾಕಿದ ಮೂರನೇ ದಿನಕ್ಕೆ ಹಲಗೆ ಬಿಚ್ಚಿದರೆ ಚಾವಣಿ ತಲೆ ಮೇಲೆ ಬರುತ್ತದೆ. ವರ್ಷವಾದರೂ ಬಿಚ್ಚದಿದ್ದರೆ ಮನೆಯೊಳಗೆ ಓಡಾಡುವ ಹಾಗಿಲ್ಲ. ಇಲ್ಲಿ ಹೆಚ್ಚಿನದೇನೆಂದರೆ, ಹಲಗೆ ತನ್ನನ್ನು ತಾನೇ ಬಿಚ್ಚಿಕೊಳ್ಳಬೇಕು.

ಇದನ್ನು ಸರಿಯಾಗಿ ಮಾಡುವುದು ಹೇಗೆಂದು ಹೇಳುವವರಿಗೆ ಬರವಿಲ್ಲ. ಕ್ರಮಬದ್ಧವಾಗಿ ಕೆಡಿಸುವುದನ್ನು ಕಲಿಸುವವರು ಕಡಿಮೆ. ಲ್ಯಾಬಿನಲ್ಲಿ ಹದಿನೆಂಟು ವರ್ಷ ಕಳೆದ ಅನುಭವದ ಮೇಲೆ ಹೇಳುತ್ತಿದ್ದೇನೆ, ಬರೆದುಕೊಳ್ಳಿ.

ಅಳತೆಯಿಂದಲೇ ಶುರುಮಾಡಿ. ದೊಡ್ಡ ಕೊಳವೆಯನ್ನೇ ಆರಿಸಿ. ಅಗಲದ ನಾಳಗಳಿಗೆ ಡೇಕ್ರಾನ್ ಬಟ್ಟೆಯ ಕೊಳವೆ 1950ರ ದಶಕದಿಂದಲೇ ಇದೆ. ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿ ನೈಲಾನ್ ಬಟ್ಟೆ ಕೊಳ್ಳಲು ಅಂಗಡಿಗೆ ಹೋದರು, ನೈಲಾನ್ ಮುಗಿದಿತ್ತು, ಡೇಕ್ರಾನ್ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಹೊಲಿದರು. ಆ ಬಟ್ಟೆ ಇವತ್ತಿಗೂ ಮಹಾಪಧಮನಿಯಲ್ಲಿ ಕೆಲಸ ಮಾಡುತ್ತಿದೆ. ಅದನ್ನೇ ಆರು ಮಿಲಿಮೀಟರಿಗಿಂತ ಕೆಳಗೆ ಇಳಿಸಿದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಕಷ್ಟವೆಲ್ಲ ಇರುವುದು ಸಣ್ಣ ನಾಳದಲ್ಲಿ, ಆದ್ದರಿಂದ ಅತ್ತ ಸುಳಿಯಬೇಡಿ. ಹತ್ತು ಮಿಲಿಮೀಟರಿನ ಕೊಳವೆ ಮಾಡಿ, ರಕ್ತ ಧಾರಾಳವಾಗಿ ಹರಿಯುವ ಕಡೆ ಇಟ್ಟು, ಪ್ರಬಂಧದ ಕೊನೆಯ ಸಾಲಿನಲ್ಲಿ ‘ಮುಂದೆ ಕರೋನರಿ ಬೈಪಾಸ್‌ಗೂ ಒದಗೀತು’ ಎಂದು ಬರೆಯಿರಿ. ಶಾಲೆಯಲ್ಲಿ ಕಲಿತ ಸಂಭಾವನಾರ್ಥಕ ಕ್ರಿಯಾಪದ ಉಪಯೋಗಕ್ಕೆ ಬರುವುದು ಇಲ್ಲೇ. ‘ಒದಗೀತು’ ಎಂದವರ ಹತ್ತಿರ ಯಾರೂ ಪುರಾವೆ ಕೇಳುವುದಿಲ್ಲ.

ಆಮೇಲೆ ಪಾಲಿಮರ್. ಬೀರು ತೆಗೆದು ನೋಡಿ. ಹಿಂದಿನ ಪ್ರಾಜೆಕ್ಟಿನಲ್ಲಿ ಯಾವ ಡಬ್ಬಿ ಉಳಿದಿದೆಯೋ ಅದೇ ಪ್ರಶಸ್ತ.

ಸಿಕ್ಕಿದ್ದು ಪಾಲಿಗ್ಲೈಕೋಲಿಕ್ ಆಸಿಡ್, ಅಂದರೆ ಪಿಜಿಎ ಆಗಿದ್ದರೆ ಕೆಲಸ ಬೇಗ ಕೆಡುತ್ತದೆ. ಕರಗುವ ಹೊಲಿಗೆ ದಾರದ ರೂಪದಲ್ಲಿ ಆಸ್ಪತ್ರೆಗಳು ಇದನ್ನು ಅರ್ಧ ಶತಮಾನದಿಂದ ಬಲ್ಲವು. ನೀರು ತಾಕಿದರೆ ಸಾಕು, ಅದರ ಉದ್ದನೆಯ ಸರಪಳಿ ತುಂಡುತುಂಡಾಗುತ್ತಾ ಹೋಗುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಕಸುವೆಲ್ಲ ಇಳಿದಿರುತ್ತದೆ. ಅಷ್ಟರಲ್ಲಿ ಮೈ ಗೋಡೆ ಕಟ್ಟಿ ಮುಗಿಸಿರುವುದಿಲ್ಲ. ಒಳಗಿನ ಒತ್ತಡಕ್ಕೆ ಕೊಳವೆ ಬಲೂನಿನಂತೆ ಉಬ್ಬಲಿ, ಬಿಡಿ. ಸಿಕ್ಕಿದ್ದು ಪಾಲಿಕ್ಯಾಪ್ರೊಲ್ಯಾಕ್ಟೋನ್, ಅಂದರೆ ಪಿಸಿಎಲ್ ಆಗಿದ್ದರೆ ನಿಧಾನವಾಗಿ ಕೆಡಿಸಬಹುದು. ಅದು ಪೂರ್ತಿ ಕರಗಲು ಎರಡು-ಮೂರು ವರ್ಷ. ಹಬ್ಬಕ್ಕೆ ಬಂದ ನೆಂಟ ದೀಪಾವಳಿ ಕಳೆದು ಯುಗಾದಿ ಬಂದರೂ ಹೊರಡದಿದ್ದರೆ ಮನೆಯವರ ಮುಖ ಹೇಗಾಗುತ್ತದೋ ಹಾಗೆ, ಮೈಯ ರಕ್ಷಣಾ ಕೋಶಗಳು ಸುತ್ತ ಠಿಕಾಣಿ ಹೂಡುತ್ತವೆ. ಉರಿಯೂತ ಆರುವುದಿಲ್ಲ. ಅಲ್ಲಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದೆ.

ಇವೆರಡರ ನಡುವೆ ಹೊಂದಾಣಿಕೆ ಮಾಡಿದ ಜನರೂ ಇದ್ದಾರೆ, ಅವರ ಸಹವಾಸ ಬೇಡ. ಟೋಕಿಯೊದಲ್ಲಿ 1999ರ ಮೇ ತಿಂಗಳಲ್ಲಿ ತೊಶಿಹಾರು ಶಿನೊಕಾ ಅವರ ತಂಡ ನಾಲ್ಕು ವರ್ಷದ ಒಬ್ಬ ಹುಡುಗಿಯ ಶ್ವಾಸಕೋಶದ ಅಪಧಮನಿಗೆ ಇಂಥ ಕೊಳವೆ ಜೋಡಿಸಿತು. ಕ್ಯಾಪ್ರೊಲ್ಯಾಕ್ಟೋನ್ ಮತ್ತು ಲ್ಯಾಕ್ಟೈಡ್ ಬೆರೆಸಿದ ಪಾಲಿಮರ್, ಬಲಕ್ಕೆ ಪಿಜಿಎ ನೇಯ್ಗೆ, ಮೇಲೆ ಆ ಮಗುವಿನದೇ ಜೀವಕೋಶ. ಮಗು ಬೆಳೆಯುತ್ತದೆ, ಡೇಕ್ರಾನ್ ಬೆಳೆಯುವುದಿಲ್ಲ. ಕರಗುವ ಕೊಳವೆ ಬೇಕಾದದ್ದೇ ಆ ಕಾರಣಕ್ಕೆ. ಎಷ್ಟು ದಿನಕ್ಕೆ ಬಲ ಇಳಿಯಬೇಕು, ಎಷ್ಟು ದಿನಕ್ಕೆ ಹೆಸರಿಲ್ಲದಂತಾಗಬೇಕು ಎಂದು ಅವರು ಕೂಡಿ ಕಳೆದು ಲೆಕ್ಕ ಹಾಕಿದ್ದರು. ನಿಮಗೆ ಆ ಲೆಕ್ಕ ಬೇಡ. ‘ಜೈವಿಕವಾಗಿ ಕರಗುತ್ತದೆ’ ಎಂದಷ್ಟೇ ಬರೆದು ಮುಂದಕ್ಕೆ ಹೋಗಿ. ಯಾವಾಗ ಎಂದು ಯಾರಾದರೂ ಕೇಳಿದರೆ ‘ಕಾಲಕ್ರಮೇಣ’ ಎನ್ನಿ.

ಅನುಮಾನ ಬಂದರೆ ಗೋಡೆ ದಪ್ಪ ಮಾಡಿ. ಈ ಜಾತಿಯ ಪಾಲಿಮರ್‌ಗಳು ಕರಗುವಾಗ ಆಮ್ಲ ಬಿಡುತ್ತವೆ. ತೆಳುವಾದ ಗೋಡೆಯಿಂದ ಆಮ್ಲ ಹೊರಗೆ ಹರಿದು ಹೋಗುತ್ತದೆ. ದಪ್ಪ ಗೋಡೆಯ ನಡುವೆ ಅದು ಸಿಕ್ಕಿಹಾಕಿಕೊಂಡು, ಕರಗುವುದನ್ನು ಇನ್ನಷ್ಟು ಜೋರು ಮಾಡುತ್ತದೆ. ಮೇಲೆ ಗಟ್ಟಿ, ಒಳಗೆ ಕೊಳೆತ ಮಾವಿನಹಣ್ಣು ನೋಡಿದ್ದೀರಲ್ಲ, ಅದೇ. ದಪ್ಪಕ್ಕೆ ದೊಡ್ಡವರ ಮೇಲ್ಪಂಕ್ತಿಯೂ ಇದೆ. ಆಬ್ಸಾರ್ಬ್ ಎಂಬ ಕರಗುವ ಸ್ಟೆಂಟಿನ ಕಡ್ಡಿಗಳು ಸುಮಾರು 150 ಮೈಕ್ರಾನ್ ದಪ್ಪ, ಲೋಹದ ಹೊಸ ಸ್ಟೆಂಟುಗಳ ಸುಮಾರು ಎರಡು ಪಟ್ಟು. 2016ರ ಜುಲೈನಲ್ಲಿ ಇದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಲೋಹದ್ದಕ್ಕಿಂತ ಇದರಲ್ಲಿ ಹೆಪ್ಪು ಹೆಚ್ಚು ಕಟ್ಟುತ್ತದೆಂದು ಕಂಡುಬಂತು. 2017ರ ಸೆಪ್ಟೆಂಬರಿನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಹದಿನಾಲ್ಕು ತಿಂಗಳಾದರೂ ಬಾಳಿತಲ್ಲ ಎಂದು ಧೈರ್ಯ ತಂದುಕೊಳ್ಳಿ.

ಈಗ ನೂಲುವ ಕೆಲಸ. ಶಾವಿಗೆ ಒತ್ತುವುದಕ್ಕೆ ಬೊಂಬಾಯಿ ಮಿಠಾಯಿ ಸುತ್ತುವುದನ್ನು ಕೂಡಿಸಿದರೆ ಎಲೆಕ್ಟ್ರೋಸ್ಪಿನ್ನಿಂಗ್ ಆಗುತ್ತದೆ. ಪಾಲಿಮರನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ ಸಿರಿಂಜಿಗೆ ತುಂಬಿ. ಸೂಜಿಗೆ ಹದಿನೈದು ಸಾವಿರ ವೋಲ್ಟ್ ಕೊಡಿ. ಎದುರಿಗೆ ಉಕ್ಕಿನ ಕಂಬಿ ಗಿರಗಿರ ತಿರುಗುತ್ತಿರಲಿ. ಸೂಜಿಯ ತುದಿಯಲ್ಲಿ ನಿಂತ ಹನಿ ಮೊನೆಯಾಗಿ, ಮೊನೆಯಿಂದ ಕಣ್ಣಿಗೆ ಕಾಣದ ಎಳೆ ಚಿಮ್ಮಿ, ಗಾಳಿಯಲ್ಲಿ ಚಾಟಿಯಂತೆ ಬಳುಕುತ್ತಾ ಹೋಗಿ ಕಂಬಿಗೆ ಸುತ್ತಿಕೊಳ್ಳುತ್ತದೆ. ಕ್ಲೋರೋಫಾರ್ಮ್ ಹಾರಿಹೋಗಿ ನಾರು ಉಳಿಯುತ್ತದೆ. ಗಂಟೆಗಟ್ಟಲೆ ಕೂತು ನೋಡಿ, ಕಂಬಿಯ ಮೇಲೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಕಾಣುತ್ತದೆ. ಚೆಂದದ ಕೆಲಸ, ಸುಳ್ಳು ಹೇಳಬಾರದು.

ಇದನ್ನು ಜುಲೈ ತಿಂಗಳಲ್ಲೇ ಮಾಡಿ. ಬೆಂಗಳೂರಿಗೆ ಜಿಟಿಜಿಟಿ ಮಳೆ ಹಿಡಿದ ಸಂಜೆ ಒಳ್ಳೆಯದು. ಕಿಟಕಿ ತೆರೆದಿಡಿ. ಗಾಳಿಯ ತೇವ ಅಳೆಯುವ ಮೀಟರಿಗೆ ಬ್ಯಾಟರಿ ಹಾಕಬೇಡಿ. ತೇವ ಹೆಚ್ಚಾದಾಗ ಎಳೆಯ ಹದ ಕೆಡುತ್ತದೆ, ನಡುನಡುವೆ ಮಣಿ ಪೋಣಿಸಿದ ಹಾಗೆ ಗಂಟು ಕಟ್ಟುತ್ತದೆ, ನಾರಿನ ಮೈತುಂಬ ಸಿಡುಬಿನ ಕಲೆಯಂಥ ಗುಳಿ ಬೀಳುತ್ತದೆ. ಜನವರಿಯ ಒಣಹವೆಯಲ್ಲಿ ಸುತ್ತಿದ ಕೊಳವೆಗೂ ಜುಲೈನದಕ್ಕೂ ಅಕ್ಕತಂಗಿಯರ ಹೋಲಿಕೆಯೂ ಇರುವುದಿಲ್ಲ. ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಿ ಮೇಲೆ ‘ಸ್ಯಾಂಪಲ್ ಎ’ ಎಂದು ಬರೆಯಿರಿ.

ಕಂಬಿಯಿಂದ ಕೊಳವೆ ಕಳಚುವಾಗ ಅವಸರ ಮಾಡಿ. ಸುತ್ತುವ ಮೊದಲೇ ಕಂಬಿಗೆ ನೀರಿನಲ್ಲಿ ಕರಗುವ ಲೇಪ ಹಚ್ಚಿಟ್ಟವರಿಗೆ ಅದು ನೀರಲ್ಲಿ ಅದ್ದಿದ ಕೂಡಲೇ ಸಲೀಸಾಗಿ ಜಾರಿ ಬರುತ್ತದೆ. ನೀವು ಹಚ್ಚಬೇಡಿ. ಉಗುರಿನಿಂದ ಒಂದು ತುದಿ ಎಬ್ಬಿಸಿ, ಒದ್ದೆ ಅಂಗಿಯ ತೋಳು ಎಳೆಯುವಂತೆ ಎಳೆಯಿರಿ. ಎರಡು ಸೆಂಟಿಮೀಟರ್ ಬರುತ್ತದೆ, ನೆರಿಗೆ ಬೀಳುತ್ತದೆ, ಅಲ್ಲೇ ಕಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಎಳೆಯಿರಿ. ನಾಲ್ಕು ಗಂಟೆ ಸುತ್ತಿದ್ದು ನಾಲ್ಕು ಸೆಕೆಂಡಿನಲ್ಲಿ ಮುದ್ದೆ. ನನ್ನ ಮೊದಲ ಕೊಳವೆ ಹೀಗೇ ಹೋದದ್ದು. ಎಸೆಯಲು ಮನಸ್ಸಾಗದೆ ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ, ದೀಪದ ಬತ್ತಿಯ ಹಾಗಿದೆ. ಒಣ ಜಾಗ, ಮೇಲಾಗಿ ಪಿಸಿಎಲ್. ಇನ್ನೂ ಕರಗಿಲ್ಲ.

ನಾರನ್ನು ಒತ್ತೊತ್ತಾಗಿ ಸುತ್ತುವುದನ್ನು ಮರೆಯಬೇಡಿ. ಜೀವಕೋಶ ಒಳಗೆ ನುಗ್ಗಬೇಕಾದರೆ ಅದರ ಮೈ ಹಿಡಿಯುವಷ್ಟು ಸಂದು ಬೇಕು. ನೀವು ಅದರ ಕಾಲುಭಾಗದಷ್ಟು ಬಿಡಿ. ಕೋಶಗಳೆಲ್ಲ ಮೆಜೆಸ್ಟಿಕ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವರಂತೆ ಹೊರಗೇ ಜೋತಾಡುತ್ತವೆ. ಗೋಡೆಯ ನಡುಭಾಗ ಖಾಲಿ ಉಳಿಯುತ್ತದೆ. ಆದರೆ ಫೋಟೋ ಮಾತ್ರ ಸೊಗಸಾಗಿ ಬರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಲವತ್ತು ಚಿತ್ರ ತೆಗೆಸಿ, ಮದುವೆ ಆಲ್ಬಮ್ಮಿಗೆ ಆರಿಸುವ ಹಾಗೆ ಒಂದನ್ನು ಆರಿಸಿ, ಕೆಳಗೆ ‘ಪ್ರಾತಿನಿಧಿಕ ಚಿತ್ರ’ ಎಂದು ಬರೆಯಿರಿ.

ಜೀವಕೋಶ ಬಿತ್ತುವ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಧಾರಾಳವಾಗಿ ಬಿತ್ತಿ. ಹಸಿರು ಹೊಳೆಯುವ ಬಣ್ಣ ಹಾಕಿದರೆ ಪೋಸ್ಟರಿಗೆ ಕಳೆ ಬರುತ್ತದೆ. 2010ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಬಿತ್ತಿದ ಕೋಶಗಳು ಕೆಲವೇ ದಿನಗಳಲ್ಲಿ ಮಾಯವಾಗುತ್ತವೆ, ಅವು ಕಳಿಸಿದ ಸುದ್ದಿಗೆ ಉರಿಯೂತದ ಕೋಶಗಳು ಓಡಿಬಂದು, ಅವುಗಳ ಹಿಂದೆ ಮೈಯದೇ ಕೋಶಗಳು ಬಂದು ನಾಳ ಕಟ್ಟುತ್ತವೆ ಎಂದು ತೋರಿಸಿತು. ಅಂದರೆ ನೀವು ಬಿತ್ತಿದ್ದು ಬೀಜವಾಗದೆ ಕರೆಯೋಲೆಯಾಯಿತು. ಈ ಪ್ರಬಂಧವನ್ನು ಓದಿ, ಮಡಿಸಿ, ಪುಸ್ತಕದ ನಡುವೆ ಇಟ್ಟುಬಿಡಿ. ಬೀಜದ ಮೇಲೆ ಬಜೆಟ್ ಬರೆದಾಗಿದೆ.

ಪರೀಕ್ಷೆಗೆ ಬನ್ನಿ. ಕೊಳವೆಯ ಎರಡೂ ತುದಿ ಬಿಗಿದು, ಒಳಗೆ ಒತ್ತಡ ಏರಿಸಿ, ಯಾವಾಗ ಒಡೆಯುತ್ತದೆ ನೋಡಿ. ಬೈಪಾಸ್‌ಗೆ ಸರ್ಜನ್ನರು ಕಾಲಿನಿಂದ ಕೀಳುವ ಅಭಿಧಮನಿ ಸುಮಾರು 1600 ಮಿಲಿಮೀಟರ್ ಪಾದರಸದವರೆಗೂ ತಾಳುತ್ತದೆ. ನಿಮ್ಮದು ಎರಡು ಸಾವಿರ ದಾಟಿದರೆ ಪ್ರಬಂಧದ ತಲೆಬರಹಕ್ಕೇ ಏರಿಸಿ. ಮನುಷ್ಯನ ರಕ್ತದೊತ್ತಡ 120ರ ಆಸುಪಾಸಿನದು ಎಂಬುದು ಓದುಗರಿಗೆ ಹೇಗೂ ಗೊತ್ತು, ನೆನಪಿಸುವುದು ಬೇಡ. ಕೊಳವೆ ಹೊಸದಾಗಿ, ಒಣಗಿ, ಗರಿಗರಿಯಾಗಿರುವ ದಿನವೇ ಪರೀಕ್ಷೆ ಮುಗಿಸಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಎಂಟು ವಾರ ನೆನೆಸಿಟ್ಟು ಆಮೇಲೆ ಒಡೆದು ನೋಡುವ ದುರಭ್ಯಾಸ ಕೆಲವರಿಗಿದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಅಷ್ಟೂ ಸಲ ಕೊಳವೆಯನ್ನು ಹಿಗ್ಗಿಸಿ ನೋಡಲು ಹೊರಟರೆ ಪಿಎಚ್‌ಡಿ ಮುಗಿಯುವುದಿಲ್ಲ.

ಹಿಗ್ಗುವ ಮಾತು ಬಂತು. ನಿಜವಾದ ಅಪಧಮನಿ ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುತ್ತದೆ. ನಿಮ್ಮ ಕೊಳವೆ ಸಿಮೆಂಟ್ ಪೈಪಿನಂತೆ ಅಲುಗದೆ ಇರಲಿ. ರಬ್ಬರ್ ಪೈಪು ಸಿಮೆಂಟ್ ಪೈಪಿಗೆ ಸೇರುವ ಜಾಗದಲ್ಲಿ, ಅಂದರೆ ಹೊಲಿಗೆಯ ಬಳಿ, ರಕ್ತದ ಹರಿವು ಮುಗ್ಗರಿಸುತ್ತದೆ, ನಾಳದ ಒಳಪದರ ದಪ್ಪವಾಗುತ್ತಾ ಬಂದು ಬಾಯಿ ಕಟ್ಟುತ್ತದೆ. ಇದಕ್ಕೆ ತಿಂಗಳುಗಳು ಬೇಕು. ನಿಮ್ಮ ಪ್ರಯೋಗ ನಾಲ್ಕು ವಾರದ್ದು.

ಸರ್ಜನ್ನರನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ. ಅಲೆಕ್ಸಿಸ್ ಕ್ಯಾರೆಲ್ ಎಂಬ ಸರ್ಜನ್ ರಕ್ತನಾಳ ಹೊಲಿಯುವುದನ್ನು ಕಲಿಯಲು ಲಿಯಾನ್ ಊರಿನ ಕಸೂತಿ ಹೆಂಗಸೊಬ್ಬರ ಮುಂದೆ ಕೂತರಂತೆ. 1912ರಲ್ಲಿ ನೊಬೆಲ್ ಬಂತು, ಸರಿ, ಆದರೆ ಮರ್ಯಾದೆಯ ಪ್ರಶ್ನೆಯೂ ಇದೆಯಲ್ಲ. ನೀವು ಯಾರ ಮುಂದೆಯೂ ಕೂರಬೇಡಿ. ಕೊಳವೆ ಪೂರ್ತಿ ತಯಾರಾದ ಮೇಲೆ, ಮೂರನೇ ವರ್ಷದ ಕೊನೆಗೆ, ಪೊಟ್ಟಣ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ. ಅವರು ಭೂತಗನ್ನಡಿ ಏರಿಸಿ, ಕೂದಲಿಗಿಂತ ಸಪೂರದ 8-0 ದಾರ ಪೋಣಿಸಿದ ಸೂಜಿಯನ್ನು ಅಂಚಿನಿಂದ ಒಂದು ಮಿಲಿಮೀಟರ್ ಒಳಗೆ ಚುಚ್ಚುತ್ತಾರೆ. ದಾರ ಬಿಗಿದ ಕೂಡಲೇ ಅಂಚು ಚರ್ರನೆ ಸೀಳುತ್ತದೆ. ಇನ್ನೊಂದು ಸಲ ಚುಚ್ಚುತ್ತಾರೆ, ಇನ್ನೊಂದು ಸಲ ಸೀಳುತ್ತದೆ. ‘ಏನ್ರೀ ಇದು, ಹಪ್ಪಳಕ್ಕೆ ಹೊಲಿಗೆ ಹಾಕಿ ಅಂತೀರಲ್ಲ!’ ಎನ್ನುತ್ತಾರೆ. ನನಗೆ ಅಂದದ್ದೂ ಇಷ್ಟೇ. ಆಗ ‘ಸರ್, ಬರ್ಸ್ಟ್ ಪ್ರೆಷರ್ ಎರಡು ಸಾವಿರ ಇದೆ’ ಎಂದು ವಿನಯದಿಂದ ತಿಳಿಸಿ, ಕಾಫಿ ಕುಡಿದು ಬನ್ನಿ.

ಪ್ರಾಣಿ ಪ್ರಯೋಗಕ್ಕೆ ಇಲಿಯನ್ನೇ ಹಿಡಿಯಿರಿ. ಎಳೆಯ ಇಲಿ, ಆರೋಗ್ಯವಂತ ಇಲಿ, ಸಿಗರೇಟು ಸೇದದ ಇಲಿ. ಕೊಳವೆ ಒಂದು ಸೆಂಟಿಮೀಟರ್ ಮೀರದಿರಲಿ. ನಾಳದ ಒಳಮೈಗೆ ನುಣ್ಣಗೆ ಹಾಸಿಕೊಂಡು ಹೆಪ್ಪು ಕಟ್ಟದಂತೆ ಕಾಯುವ ಎಂಡೋಥೀಲಿಯಂ ಕೋಶಗಳು ಹೊಲಿಗೆಯ ಎರಡೂ ತುದಿಯಿಂದ ಒಳಗೆ ತೆವಳಿ ಬರುತ್ತವೆ. ಮನುಷ್ಯರಲ್ಲಿ ಅವು ಒಂದೆರಡು ಸೆಂಟಿಮೀಟರ್ ತೆವಳಿ ಅಲ್ಲೇ ನಿಂತುಬಿಡುತ್ತವೆ. ಇಲಿಯ ಕೊಳವೆಯಲ್ಲಿ ಅಷ್ಟರೊಳಗೆ ಎರಡೂ ಕಡೆಯವು ಕೈಕುಲುಕಿ ಆಗಿರುತ್ತದೆ. ಬೈಪಾಸ್‌ಗೆ ಬೇಕಾದ ಕೊಳವೆ ಗೇಣುದ್ದದ್ದು, ಅದನ್ನು ಹಾಕಿಸಿಕೊಳ್ಳುವವರು ಅರವತ್ತು ದಾಟಿದ ಸಕ್ಕರೆ ಕಾಯಿಲೆಯ ಯಜಮಾನರು ಎಂಬ ಯೋಚನೆ ಬಂದರೆ ಆ ದಿನ ರಜೆ ಹಾಕಿ. ಆರು ಇಲಿಗಳಲ್ಲಿ ಎರಡು ಸತ್ತರೆ ‘ಅರಿವಳಿಕೆಯ ತೊಡಕು’ ಎಂದು ಬರೆದು ನಾಲ್ಕರ ಸರಾಸರಿ ಕೊಡಿ.

ಇದಕ್ಕಿಂತ ದೊಡ್ಡ ಮಟ್ಟದಲ್ಲಿ ಕೈ ಹಾಕುವ ಆಸೆಯಿದ್ದರೆ ಸ್ವೀಡನ್ನಿನ ಕಡೆ ನೋಡಿ. ದಾನಿಯೊಬ್ಬರ ಅಭಿಧಮನಿಯ ಕೋಶಗಳನ್ನೆಲ್ಲ ತೊಳೆದು, ಹತ್ತು ವರ್ಷದ ಹುಡುಗಿಯದೇ ಕಾಂಡಕೋಶ ಬಿತ್ತಿ, ಅವಳಿಗೆ ಜೋಡಿಸಿದ ವರದಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2019ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ನಡುವೆ ಏಳು ವರ್ಷ, ನಿಮ್ಮಂಥವರಿಗೆ ಎರಡು ಬಡ್ತಿಗೆ ಸಾಕು. ಅದೇ ದೇಶದಲ್ಲಿ ಪಾವೊಲೊ ಮಕಿಯಾರಿನಿ ಎಂಬ ಸರ್ಜನ್ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಕಾಂಡಕೋಶ ಬಿತ್ತಿ ಮೂವರು ರೋಗಿಗಳಿಗೆ ಹಾಕಿದರು. ಮೂವರೂ ಉಳಿಯಲಿಲ್ಲ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷದ ಜೈಲು ವಿಧಿಸಿತು. ಇಲಿಗಳಲ್ಲೇ ಉಳಿದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನುಳಿದದ್ದು ಒಂದು, ಕಾಯಬೇಡಿ. ಕಾದವರ ಪಾಡು ನೋಡಿ. ಸಂಶೋಧಕಿ ಲಾರಾ ನಿಕ್ಲಾಸನ್ 1999ರಲ್ಲಿ ಪಿಜಿಎ ಜಾಲರಿಯ ಮೇಲೆ ಸ್ನಾಯುಕೋಶ ಬಿತ್ತಿ, ಎದೆಬಡಿತದಂತೆ ಮಿಡಿಯುವ ಪಂಪಿಗೆ ಜೋಡಿಸಿ, ಎಂಟು ವಾರ ಕಾದು ಅಪಧಮನಿ ಬೆಳೆಸಿದರು. ಅದೇ ದಾರಿಯಲ್ಲಿ ಬೆಳೆಸಿ, ಕೋಶಗಳನ್ನು ತೊಳೆದು ತೆಗೆದ ನಾಳಕ್ಕೆ ಎಫ್‌ಡಿಎ ಅನುಮತಿ ಸಿಕ್ಕಿದ್ದು 2024ರ ಡಿಸೆಂಬರಿನಲ್ಲಿ, ಅದೂ ಕೈಕಾಲಿನ ಅಪಧಮನಿ ಹರಿದು ತುರ್ತಿಗೆ ಬಂದವರಿಗೆ ಮಾತ್ರ. ಇಪ್ಪತ್ತೈದು ವರ್ಷ! ಅಷ್ಟರಲ್ಲಿ ನಿಮ್ಮ ಮಗನ ಮದುವೆಯೂ ಆಗಿರುತ್ತದೆ.

ಇನ್ನು ಶಿನೊಕಾ ಅವರ ಕೊಳವೆಯ ಕಥೆ. ಅದನ್ನೇ ಕ್ರಿಸ್ಟೋಫರ್ ಬ್ರೂಯರ್ ಅವರ ತಂಡ ಅಮೆರಿಕದ ಮಕ್ಕಳಲ್ಲಿ ಪ್ರಯೋಗಿಸಿತು. ಹಾಕಿದ ಕೆಲವು ತಿಂಗಳಲ್ಲೇ ಕೊಳವೆಗಳು ಕಿರಿದಾಗತೊಡಗಿದವು, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಅಲ್ಲಿಗೆ ಬಿಟ್ಟು ಬೇರೆ ವಿಷಯ ಹಿಡಿಯುವುದು ಜಾಣತನ. ಇವರು ಕೂತು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಕೈ ಹಾಕದೆ ಬಿಟ್ಟರೆ ಈ ಕಿರಿದಾಗುವಿಕೆ ತಾನಾಗಿ ಸರಿಹೋಗಬೇಕು ಎಂದಿತು ಲೆಕ್ಕ. ಕುರಿಗಳಿಗೆ ಕೊಳವೆ ಹಾಕಿ, ಏನೂ ಮಾಡದೆ, ಬರೀ ಕಾದರು. ಮೊದಲ ವಾರಗಳಲ್ಲಿ ಕೊಳವೆ ಕಿರಿದಾಯಿತು. ಪಾಲಿಮರ್ ಹಂದರ ಕರಗುತ್ತಾ ಬಂದಂತೆ ಉರಿಯೂತ ಇಳಿಯಿತು, ಕಿರಿದಾದ ನಾಳ ತನ್ನಷ್ಟಕ್ಕೆ ಅಗಲವಾಯಿತು. ಇದು ಅಚ್ಚಾದದ್ದು 2020ರಲ್ಲಿ.

ನೀವು ಕುರಿಯನ್ನು ಆರನೇ ವಾರಕ್ಕೇ ಕೊಯ್ದು ನೋಡಿ, ‘ಮುಚ್ಚಿಕೊಂಡಿದೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಬೇರೆ ಪಾಲಿಮರಿನ ಹೆಸರು ಹಾಕಿ ಮುಂದಿನ ಗ್ರಾಂಟಿಗೆ ಅರ್ಜಿ ಕಳಿಸಿ. ಯುಟಿಲೈಸೇಷನ್ ಸರ್ಟಿಫಿಕೇಟ್ ಮಾರ್ಚ್ 31ರೊಳಗೆ ತಲುಪಬೇಕು, ಅದೊಂದು ಮರೆಯಬೇಡಿ.